ತೀವ್ರ ನಿಗಾ ಘಟಕಕ್ಕೆ ಜ್ವರ ಬಲ್ಲವರು ಬೇಕು

(ಒಬ್ಬರು ಧಾರವಾಡದ ನಿವೃತ್ತ ಮಾಸ್ತರರು. ಇನ್ನೊಬ್ಬರು ಹುಬ್ಬಳ್ಳಿಯ ವೈದ್ಯರು, ಸೋಂಕು ರೋಗ ಮತ್ತು ತೀವ್ರ ನಿಗಾ ಎರಡನ್ನೂ ಕಲಿತವರು.)

ಮಾಸ್ತರ್: ಡಾಕ್ಟರ್ರ, ನೇರವಾಗಿ ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಎಂಬಿಬಿಎಸ್‌ಗೆ ಐದೂವರೆ ವರ್ಷ, ಎಂ.ಡಿ.ಗೆ ಮೂರು, ಅದರ ಮೇಲೆ ಡಿ.ಎಂ.ಗೆ ಮತ್ತೆ ಮೂರು. ಹನ್ನೊಂದೂವರೆ ವರ್ಷ ಓದಿ ಒಬ್ಬ ಹುಡುಗಿ ಹೃದಯದ ತಜ್ಞೆಯಾದರೆ ಊರಿಗೆ ತಿಳಿಯುತ್ತದೆ, ಮೂತ್ರಪಿಂಡದ ತಜ್ಞೆಯಾದರೂ ತಿಳಿಯುತ್ತದೆ. ಸೋಂಕು ರೋಗದ ತಜ್ಞೆ ಅಂದರೆ ಜ್ವರದ ಡಾಕ್ಟರ್ ಅಲ್ಲೇನ್ರಿ? ಜ್ವರ ನೋಡಲಿಕ್ಕೆ ಓಣಿಗೊಂದು ದವಾಖಾನಿ ಇದೆ. ಐಸಿಯು ಡಾಕ್ಟರ್ ಅಂದರೆ ವೆಂಟಿಲೇಟರ್ ನಡೆಸುವವರು, ಅದಕ್ಕೆ ಅರಿವಳಿಕೆಯವರು ಇದ್ದಾರೆ. ಇವೆರಡನ್ನೂ ಒಂದೇ ತಲೆಯೊಳಗೆ ಕೂಡಿಸುವ ವೃತ್ತಿ ಮುಂಬೈಗೆ, ಬೆಂಗಳೂರಿಗೆ ಒಪ್ಪೀತು. ಹುಬ್ಬಳ್ಳಿ-ಧಾರವಾಡಕ್ಕೆ ಅದು ಯಾಕೆ ಬೇಕು?

ವೈದ್ಯರು: ಹುಬ್ಬಳ್ಳಿಗೆ ಎಂಥ ಜ್ವರ ಬರುತ್ತದೆ ಎಂಬುದನ್ನು ಮೊದಲು ನೋಡೋಣ, ಮಾಸ್ತರ. ನಮ್ಮ ಜೋಡಿನಗರ ಕೂತಿರುವ ಜಾಗವೇ ಅಂಥದ್ದು. ಪಶ್ಚಿಮಕ್ಕೆ ಕಲಘಟಗಿ ದಾಟಿದರೆ ಯಲ್ಲಾಪುರದ ಕಾಡು, ಅದರಾಚೆ ಶಿರಸಿ, ಸಿದ್ದಾಪುರ. ಪೂರ್ವಕ್ಕೆ ಗದಗ, ಕೊಪ್ಪಳದ ಎರಿ ಹೊಲ. 1957ರಲ್ಲಿ ಶುರುವಾದ ಕರ್ನಾಟಕ ಮೆಡಿಕಲ್ ಕಾಲೇಜಿನ ಆಸ್ಪತ್ರೆ, ಹೆಸರು ಎಷ್ಟು ಸಲ ಬದಲಾದರೂ ಜನರ ಬಾಯಲ್ಲಿ ಇವತ್ತಿಗೂ ಕಿಮ್ಸ್, ಸುತ್ತಲಿನ ಆರೇಳು ಜಿಲ್ಲೆಗಳ ಬಡವರಿಗೆ ಕೊನೆಯ ಬಾಗಿಲು. ಅದೇ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ಸನ್ನು ಗುರುತಿಸಿದರು. ಉಣುಗು ಕಚ್ಚಿ ಹರಡುವ ಆ ಮಂಗನ ಕಾಯಿಲೆಗೆ ಇವತ್ತಿಗೂ ನಿರ್ದಿಷ್ಟ ಔಷಧವಿಲ್ಲ. ಹಳೆಯ ಲಸಿಕೆಯೂ ಶಕ್ತಿ ಕಳೆದುಕೊಂಡು ಹಿಂದೆ ಸರಿಯಿತು. ರೋಗಿಯನ್ನು ಉಳಿಸುವುದೇನಿದ್ದರೂ ನೀರು, ರಕ್ತದೊತ್ತಡ, ರಕ್ತಸ್ರಾವ, ಉಸಿರು ಇವುಗಳ ಮೇಲೆ ಗಂಟೆಗಂಟೆಗೆ ಇಡುವ ನಿಗಾ. ಇದೇ ಕಾಡಂಚಿನಿಂದ, ಇದೇ ಥರದ ಜ್ವರ ಹೊತ್ತು ಬರುವ ಇನ್ನೊಬ್ಬನಿಗೆ ಇರುವುದು ಸ್ಕ್ರಬ್ ಟೈಫಸ್. ಅದಕ್ಕೆ ಔಷಧವಿದೆ. ಡಾಕ್ಸಿಸೈಕ್ಲಿನ್, ಕೆಲವೇ ರೂಪಾಯಿಯ ಗುಳಿಗೆ. ಇಬ್ಬರಿಗೂ ಮೈ ಸುಡುತ್ತದೆ, ಇಬ್ಬರಿಗೂ ಪ್ಲೇಟ್‌ಲೆಟ್ ಇಳಿದಿರುತ್ತದೆ, ಇಬ್ಬರಿಗೂ ಯಕೃತ್ತಿನ ಅಂಕಿಗಳು ಏರಿರುತ್ತವೆ. ಡೆಂಗಿಯಲ್ಲೂ ಹಾಗೆಯೇ, ಇಲಿಜ್ವರದಲ್ಲೂ ಹಾಗೆಯೇ, ಮಲೇರಿಯಾದಲ್ಲೂ ಬಹುಪಾಲು ಹಾಗೆಯೇ. ಮೂರು ದಿನ ಊರಿನ ದವಾಖಾನಿಯಲ್ಲಿ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಆಗಿರುತ್ತದೆ. ಸ್ಕ್ರಬ್ ಟೈಫಸ್‌ನ ರೋಗಾಣು ನಮ್ಮ ಜೀವಕೋಶದ ಒಳಗೇ ವಾಸಿಸುವಂಥದ್ದು, ಆ ಇಂಜೆಕ್ಷನ್ ಅದಕ್ಕೆ ತಾಗುವುದೇ ಇಲ್ಲ. ನಾಲ್ಕನೆಯ ದಿನ ಉಸಿರು ಕಟ್ಟಿ ರೋಗಿ ಆಂಬುಲೆನ್ಸ್‌ನಲ್ಲಿ ಹುಬ್ಬಳ್ಳಿಗೆ ಬರುತ್ತಾನೆ.

ಈಗ ಆ ಹಾಸಿಗೆಯ ಹತ್ತಿರ ನಿಂತು ನೋಡ್ರಿ. ವೆಂಟಿಲೇಟರ್ ಚೆನ್ನಾಗಿ ನಡೆಸಬಲ್ಲವರು ನಳಿಗೆ ಹಾಕಿದರು, ಆಮ್ಲಜನಕ ಏರಿತು, ಒಳ್ಳೆಯದೇ ಆಯಿತು. ಆದರೆ ಒಳಗೆ ರೋಗಾಣು ತನ್ನ ಕೆಲಸ ಮಾಡುತ್ತಲೇ ಇದೆ. ಆಗ ಬೇಕಾದದ್ದು ಒಂದು ಟಾರ್ಚು ಮತ್ತು ಹತ್ತು ನಿಮಿಷದ ತಾಳ್ಮೆ. ಕಂಕುಳು, ತೊಡೆಸಂದು, ಮೊಲೆಯ ಕೆಳಗಿನ ಮಡಿಕೆ, ಕಿವಿಯ ಹಿಂದೆ, ಉಡದಾರ ಅಥವಾ ಸೀರೆಯ ಗಂಟು ಬಿಗಿಯುವ ಸೊಂಟದ ಸುತ್ತು, ಹೊಕ್ಕಳು ಎಲ್ಲವನ್ನೂ ಬಿಡಿಸಿ ನೋಡಬೇಕು. ಚಿಗರ್ ಎನ್ನುವ ಅತಿ ಸಣ್ಣ ನುಸಿ ಕಚ್ಚಿದ ಜಾಗದಲ್ಲಿ ಬೀಡಿ ತಾಗಿಸಿದಂಥ ಕಪ್ಪು ಹಕ್ಕಳೆ ಇರುತ್ತದೆ, ಸುತ್ತ ಕೆಂಪು ಅಂಚು. ಅದು ನೋಯುವುದಿಲ್ಲ, ತುರಿಸುವುದಿಲ್ಲ. ಹಾಗಾಗಿ ರೋಗಿ ತಾನಾಗಿ ಹೇಳುವುದೂ ಇಲ್ಲ. ಎಲ್ಲರಲ್ಲೂ ಸಿಗುವುದಿಲ್ಲ ನಿಜ. ಸಿಕ್ಕರೆ ಮಾತ್ರ ಯಾವ ಲ್ಯಾಬಿಗೂ ಕಾಯದೆ ಆ ಗಳಿಗೆಯಲ್ಲೇ ಸರಿಯಾದ ಔಷಧ ಶುರು ಮಾಡಬಹುದು. ಉಸಿರಾಟ ಕೆಟ್ಟವರಿಗೆ ಅದನ್ನು ಹೇಗೆ ಕೊಡಬೇಕು ಎಂಬುದಕ್ಕೂ ಈಗ ನಮ್ಮ ದೇಶದ್ದೇ ಸಾಕ್ಷ್ಯವಿದೆ. ವೆಲ್ಲೂರಿನ ಸಿಎಂಸಿ ಮುಂದಾಳತ್ವದಲ್ಲಿ ಭಾರತದ ಏಳು ಆಸ್ಪತ್ರೆಗಳಲ್ಲಿ 794 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಅದು. ರಕ್ತನಾಳದ ಮೂಲಕ ಡಾಕ್ಸಿಸೈಕ್ಲಿನ್, ಅಜಿತ್ರೋಮೈಸಿನ್ ಎರಡನ್ನೂ ಕೂಡಿಸಿ ಕೊಟ್ಟವರಲ್ಲಿ ಸಾವು, ಏಳನೆಯ ದಿನಕ್ಕೂ ಉಳಿದ ತೊಡಕು, ಐದನೆಯ ದಿನಕ್ಕೂ ಬಿಡದ ಜ್ವರ ಇವುಗಳ ಒಟ್ಟು ಪ್ರಮಾಣ ಶೇ 33. ಒಂದೊಂದನ್ನೇ ಕೊಟ್ಟವರಲ್ಲಿ ಶೇ 47-48. ಸಾವನ್ನು ಮಾತ್ರ ಬೇರೆ ಮಾಡಿ ಎಣಿಸಿದರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಿಬಿಡಬೇಕು. ಆದರೆ ವೆಂಟಿಲೇಟರ್ ಮೇಲಿನ ರೋಗಿಗೆ ತೊಡಕು ಬೇಗ ಇಳಿಯುವುದೆಂದರೆ ಸಣ್ಣ ಮಾತಲ್ಲ. ನಾನು ಹೇಳುವ ವೃತ್ತಿಯ ತಿರುಳು ಇದು: ಯಂತ್ರ ಕಾಲಾವಕಾಶ ಕೊಡುತ್ತದೆ, ಆ ಕಾಲದಲ್ಲಿ ಜ್ವರ ಯಾವುದೆಂದು ಕಂಡುಹಿಡಿಯುವವರು ಅದೇ ಹಾಸಿಗೆಯ ಪಕ್ಕದಲ್ಲಿರಬೇಕು.

ಮಾಸ್ತರ್: ಕಂಡುಹಿಡಿಯಲಿಕ್ಕೆ ಈಗ ಲ್ಯಾಬ್‌ಗಳಿವೆಯಲ್ರಿ. ರಕ್ತ ಕೊಟ್ಟರೆ ಸಂಜೆಗೆ ಎಂಟ್ಹತ್ತು ಜ್ವರಗಳ ವರದಿ ಮೊಬೈಲಿಗೇ ಬರುತ್ತದೆ. ಇನ್ನು ಹತ್ತು ವರ್ಷಕ್ಕೆ ಕಂಪ್ಯೂಟರೇ ಹೇಳುತ್ತದೆ. ಟಾರ್ಚು ಹಿಡಿದು ಹುಡುಕುವ ವೈದ್ಯರಿಗಾಗಿ ಹನ್ನೊಂದೂವರೆ ವರ್ಷ ಕಳೆಯಬೇಕೇನು?

ವೈದ್ಯರು: ವರದಿ ಬರುತ್ತದೆ. ಅದನ್ನು ಓದುವುದು ಬೇರೆ ಕೆಲಸ. ಜ್ವರ ಬಂದ ಮೊದಲ ವಾರದಲ್ಲಿ ದೇಹ ಇನ್ನೂ ಪ್ರತಿಕಾಯ ತಯಾರಿಸುತ್ತಿರುತ್ತದೆ. ಸ್ಕ್ರಬ್ ಟೈಫಸ್‌ನ ರಕ್ತಪರೀಕ್ಷೆ ಆಗ ಅನೇಕರಲ್ಲಿ ನೆಗೆಟಿವ್ ಬರುತ್ತದೆ. ಅದನ್ನು ನಂಬಿ ಔಷಧ ಬಿಟ್ಟರೆ ರೋಗಿ ಹೋಗುತ್ತಾನೆ. ಇನ್ನು ವಿಡಾಲ್. ನಮ್ಮ ಭಾಗದಲ್ಲಿ ಅದೆಷ್ಟೋ ಮಂದಿಗೆ ಟೈಫಾಯಿಡ್ ಆಗಿದೆ ಎಂದು ಹೇಳುವುದು ಇದೊಂದೇ ಪರೀಕ್ಷೆಯ ಬಲದಿಂದ. ಒಂದೇ ಸಲ ಮಾಡಿದ ವಿಡಾಲ್ ಮೇಲೆ ಭರವಸೆ ಇಡುವಂತಿಲ್ಲ ಎಂಬುದು ವೈದ್ಯಲೋಕಕ್ಕೆ ಹಳೆಯ ಸಂಗತಿ. ಹಿಂದೆ ಎಂದೋ ಬಂದುಹೋದ ಸೋಂಕಿಗೂ, ಬೇರೆ ಜ್ವರಕ್ಕೂ ಅದು ಪಾಸಿಟಿವ್ ತೋರಿಸೀತು. ಎಲ್ಲಕ್ಕಿಂತ ಮುಖ್ಯ, ಅನುಮಾನಪಟ್ಟು ಕೇಳಿದ ಪರೀಕ್ಷೆಯನ್ನಷ್ಟೇ ಲ್ಯಾಬ್ ಮಾಡುತ್ತದೆ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನ ಖಾಸಗಿ ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ಒಬ್ಬ ಯುವಕನನ್ನು ತಂದರು, ಜ್ವರ ಮತ್ತು ಮಿದುಳಿನ ಊತ. ಮಿದುಳಿನ ಊತ ಕೇರಳದಲ್ಲಿ ಅಪರೂಪವೇನಲ್ಲ. ಆದರೆ ಅಲ್ಲಿನ ತೀವ್ರ ನಿಗಾ ತಜ್ಞ ಅನೂಪ್ ಕುಮಾರ್ ಮತ್ತು ಅವರ ಸಹೋದ್ಯೋಗಿಗಳು ಎರಡು ಸಂಗತಿ ಗಮನಿಸಿದರು: ರೋಗದ ಲಕ್ಷಣಗಳು ಮಾಮೂಲಿನಂತಿಲ್ಲ, ಮತ್ತು ಇದೇ ಮನೆಯಲ್ಲಿ ಎರಡು ವಾರದ ಹಿಂದಷ್ಟೇ ಇನ್ನೊಂದು ಸಾವಾಗಿದೆ. ಮಾದರಿಗಳು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಬಂದವು, ಜಿ. ಅರುಣಕುಮಾರ್ ಅವರ ತಂಡ ನಿಫಾ ಎಂದಿತು, ಪುಣೆ ಅದನ್ನು ದೃಢಪಡಿಸಿತು. ಇದೆಲ್ಲ ಎರಡನೆಯ ರೋಗಿಯ ಹೊತ್ತಿಗೇ ಆಯಿತು. ಮೊದಲ ರೋಗಿಯನ್ನು ಆರೈಕೆ ಮಾಡಿದ ನರ್ಸ್ ಲಿನಿ ಪುತ್ತುಶ್ಶೇರಿ ಅಷ್ಟರಲ್ಲಿ ಸೋಂಕು ತಗುಲಿಸಿಕೊಂಡಿದ್ದರು, ಉಳಿಯಲಿಲ್ಲ. ಆ ಅನುಮಾನ ಇನ್ನೊಂದು ವಾರ ತಡವಾಗಿದ್ದರೆ ಎಷ್ಟು ವಾರ್ಡುಗಳಿಗೆ, ಎಷ್ಟು ಮನೆಗಳಿಗೆ ಅದು ಹೊಗುತ್ತಿತ್ತೋ. ಯಂತ್ರ ಎಷ್ಟೇ ಚುರುಕಾಗಲಿ, ಮನೆಯವರನ್ನು ಕೂರಿಸಿಕೊಂಡು ಹೋದ ತಿಂಗಳು ನಿಮ್ಮಲ್ಲಿ ಯಾರಿಗೆ ಜ್ವರ ಬಂದಿತ್ತು ಎಂದು ಕೇಳುವವರು ಬೇಕೇ ಬೇಕು.

ಮಾಸ್ತರ್: ಒಪ್ಪಿದೆ. ಆದರೂ ಇಬ್ಬರು ಬೇರೆಬೇರೆ ತಜ್ಞರಿದ್ದು, ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಿ ಕೇಳಿದರೆ ಸಾಲದೇ? ಒಬ್ಬರೇ ಎರಡೂ ಕಲಿಯಬೇಕೆನ್ನುವುದು ಹಟವಾಗಲಿಲ್ಲವೇ?

ವೈದ್ಯರು: ಪದವಿ ಒಬ್ಬರದೇ ಆಗಬೇಕೆಂಬ ಹಟ ನನಗಿಲ್ಲ. ಎರಡು ತಿಳಿವಳಿಕೆ ಒಂದೇ ಹಾಸಿಗೆಯ ಬಳಿ, ಒಂದೇ ಹೊತ್ತಿನಲ್ಲಿ ಇರಬೇಕು ಎಂಬುದಷ್ಟೇ ನನ್ನ ಹಟ. ತೀವ್ರ ನಿಗಾ ಎಂಬ ವಿಭಾಗ ಹುಟ್ಟಿದ್ದೇ ಹಾಗೆ. 1952ರಲ್ಲಿ ಕೋಪನ್‌ಹೇಗನ್ ನಗರಕ್ಕೆ ಪೋಲಿಯೊ ಅಪ್ಪಳಿಸಿತು. ಅಲ್ಲಿನ ಸಾಂಕ್ರಾಮಿಕ ರೋಗಗಳ ಬ್ಲೆಗ್‌ಡಾಮ್ ಆಸ್ಪತ್ರೆಯಲ್ಲಿ ಉಸಿರಾಟದ ಸ್ನಾಯು ಸೋತ ಮೊದಲ 31 ಜನರಲ್ಲಿ 27 ಮಂದಿ ತೀರಿಕೊಂಡರು. ಸಾಂಕ್ರಾಮಿಕ ರೋಗದ ಮುಖ್ಯ ವೈದ್ಯ ಲಾಸೆನ್, ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞನನ್ನು ವಾರ್ಡಿನ ಒಳಗೇ ಕರೆಸಿದ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ಸಾಯುತ್ತಿದ್ದಾರೆ ಎಂಬುದು ಇಬ್ಸೆನ್‌ಗೆ ಹೊಳೆಯಿತು. ಕೊರಳಿನಲ್ಲಿ ರಂಧ್ರ ಮಾಡಿ, ನಳಿಗೆ ಇಟ್ಟು, ರಬ್ಬರ್ ಚೀಲ ಒತ್ತಿ ಗಾಳಿ ಊದುವ ವ್ಯವಸ್ಥೆ ಮಾಡಿದ. ಸುಮಾರು 1,500 ವೈದ್ಯವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲೂ ರಾತ್ರಿ ಆ ಚೀಲ ಒತ್ತಿದರು. ಸಾವಿನ ಪ್ರಮಾಣ ಕೆಲವೇ ವಾರದಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ಮುಂದಿನ ವರ್ಷದ ಕೊನೆಗೆ ಇಬ್ಸೆನ್ ಅದೇ ನಗರದಲ್ಲಿ ತೀವ್ರ ನಿಗಾಕ್ಕೆಂದೇ ಮೀಸಲಾದ ಘಟಕ ತೆರೆದ. ಇಬ್ಬರು ತಜ್ಞರು ಒಂದೇ ಕೋಣೆಯಲ್ಲಿ ನಿಂತದ್ದರಿಂದ ಇದಾಯಿತು. ನಮ್ಮಲ್ಲಿ ಎಂ.ಡಿ. ಮುಗಿಸಿದವರಿಗೆ ತೀವ್ರ ನಿಗಾದ ಡಿ.ಎಂ. ಬೇರೆ, ಸೋಂಕು ರೋಗದ ಡಿ.ಎಂ. ಬೇರೆ. ದಿಲ್ಲಿಯ ಏಮ್ಸ್, ವೆಲ್ಲೂರಿನಂಥ ಸಂಸ್ಥೆಗಳಲ್ಲಿ ಸೋಂಕು ರೋಗದ ಡಿ.ಎಂ. ಬಂದದ್ದೇ ಇತ್ತೀಚೆಗೆ. ದೊಡ್ಡ ಊರಿನಲ್ಲಿ ಇಬ್ಬರೂ ಸಿಕ್ಕಾರು. ನಮ್ಮಂಥ ಊರಿನಲ್ಲಿ ರಾತ್ರಿ ಎರಡಕ್ಕೆ ರಕ್ತದೊತ್ತಡ ಕುಸಿದಾಗ ಇರುವವರು ಒಬ್ಬರೇ. ಆ ಒಬ್ಬರಿಗೆ ಎರಡೂ ಗೊತ್ತಿರಲಿ ಎನ್ನುವುದು ಐಷಾರಾಮವಲ್ಲ.

ಮಾಸ್ತರ್: ರಾತ್ರಿ ಎರಡಕ್ಕೆ ಒಬ್ಬರೇ ಇದ್ದಾಗ ಅಷ್ಟೆಲ್ಲ ವಿಚಾರ ಮಾಡುವುದೇಕೆ? ಇದ್ದುದರಲ್ಲಿ ಗಟ್ಟಿ ಆಂಟಿಬಯಾಟಿಕ್ ಹಾಕಿಬಿಟ್ಟರೆ ಮುಗೀತಲ್ಲ. ಮನೆಯವರೂ ಅದನ್ನೇ ಕೇಳುತ್ತಾರೆ: ಹೈಡೋಸ್ ಹಾಕ್ರಿ ಸಾಹೇಬ್ರ, ರೊಕ್ಕದ ಚಿಂತಿ ಬ್ಯಾಡ.

ವೈದ್ಯರು: ಇದರಲ್ಲಿ ಅರ್ಧ ನಿಜವಿದೆ, ಅದಕ್ಕೇ ಇದು ಅಪಾಯ. ಸೋಂಕಿನಿಂದ ರಕ್ತದೊತ್ತಡ ಕುಸಿದ ರೋಗಿಗೆ ತಡ ಮಾಡುವಂತಿಲ್ಲ. ಕೆನಡಾದ ವಿನಿಪೆಗ್‌ನಲ್ಲಿರುವ ಆನಂದ್ ಕುಮಾರ್, ತೀವ್ರ ನಿಗಾ ಮತ್ತು ಸೋಂಕು ರೋಗ ಎರಡರಲ್ಲೂ ಪಳಗಿದವರು, 2006ರಲ್ಲಿ ತೋರಿಸಿದ್ದು ಇದು: ಸರಿಯಾದ ಔಷಧ ಒಂದೊಂದು ಗಂಟೆ ತಡವಾದಂತೆ ಬದುಕುವ ಸಾಧ್ಯತೆ ಸರಾಸರಿ ಶೇ 7.6ರಷ್ಟು ಇಳಿಯುತ್ತದೆ. ಗಮನಿಸಬೇಕಾದ್ದು ‘ಸರಿಯಾದ’ ಔಷಧ. ಬೆಲೆ ಹೆಚ್ಚಿನದೆಲ್ಲ ಸರಿಯಾದದ್ದಲ್ಲ. ಸ್ಕ್ರಬ್ ಟೈಫಸ್ ರೋಗಿಗೆ ಸಾವಿರಾರು ರೂಪಾಯಿಯ ಮೆರೊಪೆನೆಮ್ ಹಾಕಿದರೆ ರೋಗ ಅಲುಗಾಡುವುದಿಲ್ಲ. ಇನ್ನು ರಕ್ತದೊತ್ತಡ ಸರಿಯಿದ್ದು ಸೋಂಕೇ ಹೌದೋ ಅಲ್ಲವೋ ಎಂಬ ಅನುಮಾನವಿರುವ ರೋಗಿ. ಅವರಿಗೆ ಮೂರು ಗಂಟೆಯವರೆಗೆ ವಿಚಾರಿಸಿ, ಪರೀಕ್ಷಿಸಿ ನಿರ್ಧರಿಸಿ ಎಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಯಾರಿಗೆ ಒಂದು ಗಂಟೆ, ಯಾರಿಗೆ ಮೂರು ಗಂಟೆ ಎಂದು ಬೇರೆ ಮಾಡುವುದೇ ವಿದ್ಯೆ. ಎಲ್ಲರಿಗೂ ಎಲ್ಲವನ್ನೂ ಹಾಕಿದ್ದರ ಫಲ ನಮ್ಮ ಐಸಿಯುಗಳಲ್ಲಿ ಕಾಣುತ್ತಿದೆ. ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ವೆಂಟಿಲೇಟರ್ ರೋಗಿಗಳ ಶ್ವಾಸಕೋಶಕ್ಕೆ ಇಳಿಯುವಂಥದ್ದು. ಐಸಿಎಂಆರ್ ಪ್ರತಿವರ್ಷ ಪ್ರಕಟಿಸುವ ಅಂಕಿಗಳಲ್ಲಿ ಅದರ ಹತ್ತು ಮಾದರಿಗಳಲ್ಲಿ ಎಂಟಕ್ಕೂ ಹೆಚ್ಚು ಮೆರೊಪೆನೆಮ್‌ಗೆ ಬಗ್ಗುವುದಿಲ್ಲ. ಜಗತ್ತಿನಲ್ಲಿ 2019ರ ಒಂದೇ ವರ್ಷದಲ್ಲಿ ಇಂಥ ಔಷಧ ನಿರೋಧಕತೆಯೇ ನೇರ ಕಾರಣವಾಗಿ ಸತ್ತವರು 12.7 ಲಕ್ಷ ಎಂಬ ಅಂದಾಜಿದೆ. 2014ರಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಪ್ರಕಾರ ಚೀಟಿಯಿಲ್ಲದೆ ಮೆರೊಪೆನೆಮ್‌ನಂಥ ಔಷಧ ಮಾರುವಂತಿಲ್ಲ, ಮಾರಿದ್ದನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಕಾನೂನು ಒಳ್ಳೆಯದೇ. ಆದರೆ ಚೀಟಿ ಬರೆಯುವ ಕೈಗೇ ನಿಲ್ಲಿಸುವುದು ಬರದಿದ್ದರೆ ಔಷಧದಂಗಡಿಯವರೊಬ್ಬರಿಂದ ಏನಾದೀತು?

ಆದ್ದರಿಂದ ಮೊದಲ ಇಂಜೆಕ್ಷನ್‌ಗಿಂತ ಮುಂಚೆ ಎರಡು ಬೇರೆಬೇರೆ ಕಡೆ ಚರ್ಮ ಚೆನ್ನಾಗಿ ಒರೆಸಿ, ಒಣಗಲು ಬಿಟ್ಟು, ಎಂಟ್ಹತ್ತು ಮಿಲಿಲೀಟರ್ ರಕ್ತ ತೆಗೆದು ಕಲ್ಚರ್ ಬಾಟಲಿಗೆ ಹಾಕಬೇಕು. ಐದು ನಿಮಿಷದ ಕೆಲಸ. ಇಂಜೆಕ್ಷನ್ ಹಾಕಿಬಿಟ್ಟ ಮೇಲೆ ಆ ಬಾಟಲಿಯಲ್ಲಿ ಏನೂ ಬೆಳೆಯದೇ ಹೋಗಬಹುದು, ಆಮೇಲೆ ಹದಿನೈದು ದಿನ ಕತ್ತಲಲ್ಲಿ ಕಲ್ಲು ಹೊಡೆಯುವ ಚಿಕಿತ್ಸೆ. ಎರಡು-ಮೂರನೆಯ ದಿನ ಕಲ್ಚರ್ ವರದಿ ಬಂದಾಗ ಮೂರು ಔಷಧವನ್ನು ಒಂದಕ್ಕೆ ಇಳಿಸುವ ಧೈರ್ಯ ಬೇಕು. ಎಷ್ಟು ದಿನ ಕೊಡಬೇಕು ಎಂಬುದಕ್ಕೂ ಈಗ ಉತ್ತರವಿದೆ. ಟೊರಾಂಟೊದ ಸೋಂಕು ರೋಗ ತಜ್ಞ ನಿಕ್ ಡೇನ್‌ಮನ್, ತೀವ್ರ ನಿಗಾ ತಜ್ಞ ರಾಬ್ ಫೌಲರ್ ಜೊತೆಗೂಡಿ ಏಳು ದೇಶಗಳ 3,608 ರೋಗಿಗಳ ಮೇಲೆ ನಡೆಸಿದ ಅಧ್ಯಯನ 2024ರಲ್ಲಿ ಹೊರಬಂತು. ರಕ್ತಕ್ಕೇ ಬ್ಯಾಕ್ಟೀರಿಯಾ ಇಳಿದವರಲ್ಲಿ ಏಳು ದಿನದ ಚಿಕಿತ್ಸೆ ಹದಿನಾಲ್ಕು ದಿನದ್ದಕ್ಕಿಂತ ಕಡಿಮೆಯೇನೂ ಆಗಲಿಲ್ಲ. ತೊಂಬತ್ತು ದಿನಗಳೊಳಗಿನ ಸಾವು ಶೇ 14.5 ಮತ್ತು ಶೇ 16.1. ಸ್ಟ್ಯಾಫಿಲೊಕಾಕಸ್ ಆರಿಯಸ್‌ನಂಥ ಕೆಲವು ಸೋಂಕುಗಳನ್ನು, ರೋಗನಿರೋಧಕ ಶಕ್ತಿ ತೀರಾ ಕುಂದಿದವರನ್ನು ಅದರಿಂದ ಹೊರಗಿಟ್ಟಿದ್ದರು, ಅದು ನೆನಪಿರಬೇಕು. ಏಳು ದಿನ ಉಳಿಯಿತೆಂದರೆ ಕೈಯಿಂದ ರೊಕ್ಕ ಕೊಡುವ ಮನೆಗೆ ಅದೆಷ್ಟು ದೊಡ್ಡದು ಎಂದು ನಿಮಗೆ ನಾನು ಹೇಳಬೇಕಿಲ್ಲ.

ಮಾಸ್ತರ್: ಅಧ್ಯಯನ, ಅಧ್ಯಯನ ಅಂತೀರಿ. ಕೊರೊನಾದಲ್ಲಿ ನಿಮ್ಮ ತಜ್ಞರೇ ದಿನಕ್ಕೊಂದು ಹೇಳಲಿಲ್ಲವೇ? ಇದೇ ಹುಬ್ಬಳ್ಳಿಯಲ್ಲಿ ಪ್ಲಾಸ್ಮಾ ಕೊಟ್ಟು ರೋಗಿ ಗುಣವಾದರೆಂದು ಪತ್ರಿಕೆಗಳು ಬರೆದವು, ಊರೇ ಸಂಭ್ರಮಿಸಿತು. ವರ್ಷದೊಳಗೆ ಪ್ಲಾಸ್ಮಾದಿಂದ ಪ್ರಯೋಜನವಿಲ್ಲ ಅಂದಿರಿ. ಜನ ಯಾರನ್ನು ನಂಬಬೇಕು?

ವೈದ್ಯರು: 2020ರ ಮೇ ಕೊನೆಯಲ್ಲಿ ಆ ರೋಗಿ ಗುಣವಾದದ್ದು ನಿಜ, ಚಿಕಿತ್ಸೆ ಮಾಡಿದವರ ಶ್ರಮವೂ ನಿಜ. ಪ್ಲಾಸ್ಮಾದಿಂದಲೇ ಗುಣವಾದರೇ ಎಂಬ ಪ್ರಶ್ನೆಗೆ ಒಬ್ಬ ರೋಗಿಯಿಂದ ಉತ್ತರ ಸಿಗುವುದಿಲ್ಲ, ಹತ್ತು ರೋಗಿಗಳಿಂದಲೂ ಸಿಗುವುದಿಲ್ಲ. ಅದಕ್ಕಾಗಿಯೇ ಐಸಿಎಂಆರ್ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿತು. ರೋಗ ಉಲ್ಬಣಿಸಿದವರು ಅಥವಾ ಸತ್ತವರು ಪ್ಲಾಸ್ಮಾ ಪಡೆದವರಲ್ಲಿ ಶೇ 19, ಪಡೆಯದವರಲ್ಲಿ ಶೇ 18. ಅದೇ ವರ್ಷದ ಅಕ್ಟೋಬರಿನಲ್ಲಿ ವರದಿ ಪ್ರಕಟವಾಯಿತು. ಚಿಕಿತ್ಸೆಯ ಪಟ್ಟಿಯಿಂದ ಪ್ಲಾಸ್ಮಾ ಹೊರಗೆ ಹೋದದ್ದು ಮಾತ್ರ 2021ರ ಮೇನಲ್ಲಿ. ನಡುವಿನ ಏಳು ತಿಂಗಳು ದಾನಿಗಳಿಗಾಗಿ ಮನೆಯವರು ಅಲೆದರು. ಈ ಏಳು ತಿಂಗಳು ನನ್ನನ್ನು ಕಾಡುತ್ತದೆ. ಸಾಕ್ಷ್ಯ ಬದಲಾದ್ದರಲ್ಲಿ ಅವಮಾನವೇನೂ ಇಲ್ಲ. ಬದಲಾದ ಸಾಕ್ಷ್ಯ ಹಾಸಿಗೆಯ ತನಕ ಬರಲು ಹಿಡಿದ ಸಮಯವೇ ನಮ್ಮ ಲೋಪ. ಅದನ್ನು ಓದಿ, ತೂಗಿ, ನಾಳೆ ಬೆಳಗಿನ ರೌಂಡ್ಸ್‌ನಲ್ಲೇ ‘ಇದು ಬೇಡ’ ಎನ್ನಬಲ್ಲವರು ಪ್ರತಿ ದೊಡ್ಡ ಆಸ್ಪತ್ರೆಯಲ್ಲಿ ಇದ್ದಿದ್ದರೆ ಅಷ್ಟು ದಿನ ಹಿಡಿಯುತ್ತಿರಲಿಲ್ಲ.

ಇನ್ನೊಂದು ಉದಾಹರಣೆ ಇದಕ್ಕಿಂತ ಕಹಿಯಾದದ್ದು. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟಿರಾಯ್ಡ್ ವೆಂಟಿಲೇಟರ್ ಮೇಲಿದ್ದ ಕೊರೊನಾ ರೋಗಿಗಳ ಸಾವನ್ನು ಮೂರನೆಯ ಒಂದು ಭಾಗ ತಗ್ಗಿಸುತ್ತದೆ ಎಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ ಅಧ್ಯಯನ ತೋರಿಸಿತು. ಆಮ್ಲಜನಕ ಬೇಕಿಲ್ಲದವರಿಗೆ ಅದರಿಂದ ಲಾಭವಿಲ್ಲ ಎಂದೂ ಅದೇ ಅಧ್ಯಯನ ಹೇಳಿತ್ತು. ಮೊದಲ ಅರ್ಧ ಎಲ್ಲ ಕಡೆ ತಲುಪಿತು, ಎರಡನೆಯ ಅರ್ಧ ತಲುಪಲಿಲ್ಲ. ಮನೆಯಲ್ಲಿದ್ದವರಿಗೂ, ಸಕ್ಕರೆ ಕಾಯಿಲೆಯವರಿಗೂ ವಾರಗಟ್ಟಲೆ ಸ್ಟಿರಾಯ್ಡ್ ಹೋಯಿತು. 2021ರ ಬೇಸಿಗೆಯಲ್ಲಿ ಕಪ್ಪು ಶಿಲೀಂಧ್ರ ಮೂಗು, ದವಡೆ, ಕಣ್ಣಿಗೆ ಇಳಿದ ರೋಗಿಗಳು ಸುತ್ತಲ ಜಿಲ್ಲೆಗಳಿಂದ ಕಿಮ್ಸ್‌ಗೆ ಬಂದು ತುಂಬಿದರು. ಆಂಫೊಟೆರಿಸಿನ್ ಔಷಧಕ್ಕಾಗಿ ಮನೆಯವರು ಊರೂರು ಅಲೆದರು, ಜೀವ ಉಳಿಸಲಿಕ್ಕೆ ಕೆಲವರ ಕಣ್ಣನ್ನೇ ತೆಗೆಯಬೇಕಾಯಿತು. ಅದೇ ಸ್ಟಿರಾಯ್ಡ್, ಒಬ್ಬನಿಗೆ ಪ್ರಾಣ, ಇನ್ನೊಬ್ಬನಿಗೆ ಕಣ್ಣಿನ ಬೆಲೆ. ಯಾರಿಗೆ, ಎಷ್ಟು, ಎಷ್ಟು ದಿನ ಎಂಬ ಮೂರು ಪ್ರಶ್ನೆ ಕೇಳುವವರು ಬೇಕಾಗಿತ್ತು. ಆಗ ಬಂದದ್ದು ಯಂತ್ರಗಳು. ಹಲವು ಊರುಗಳಲ್ಲಿ ವೆಂಟಿಲೇಟರ್‌ಗಳು ನಡೆಸುವವರಿಲ್ಲದೆ ಮೂಲೆ ಸೇರಿದ್ದನ್ನು ನಾವೆಲ್ಲ ಓದಿದ್ದೇವೆ.

ಮಾಸ್ತರ್: ಹಿಂಗ ‘ಇದು ಬೇಡ, ಅದು ನಿಲ್ಲಿಸ್ರಿ’ ಅನ್ನುವವರಿಗೆ ನಮ್ಮ ಜನ ಕೈಬಿಟ್ಟರು ಅಂತಾರ. ರೋಗಿ ತೀರಿಕೊಂಡರೆ ಹೊಡೆಯಲಿಕ್ಕೇ ಬರುತ್ತಾರೆ. ಇಂಥ ವೃತ್ತಿಗೆ ಯಾವ ತಾಯಿ-ತಂದೆ ಮಗಳನ್ನು ಕಳಿಸ್ಯಾರು? ಚರ್ಮದ ವಿಭಾಗವೋ ಎಕ್ಸ್‌ರೇ ವಿಭಾಗವೋ ತಗೊಂಡರೆ ರಾತ್ರಿ ನಿದ್ದೆಯಾದರೂ ಸಿಗುತ್ತದೆ.

ವೈದ್ಯರು: ಇದಕ್ಕೆ ನನ್ನ ಬಳಿ ಸುಲಭದ ಉತ್ತರವಿಲ್ಲ. ವೈದ್ಯರ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದ ಕಾಯ್ದೆಯಿದೆ, ಹಲ್ಲೆ ನಿಂತಿಲ್ಲ. ಕಾಯ್ದೆಗಿಂತ ಹೆಚ್ಚು ಕೆಲಸ ಮಾಡುವುದು ದಿನಕ್ಕೆರಡು ಸಲ ಮನೆಯವರನ್ನು ಕೂರಿಸಿಕೊಂಡು ಆಡುವ ಮಾತು, ಮೊದಲ ದಿನದಿಂದಲೇ. ಸಾಯುವ ಗಳಿಗೆಯಲ್ಲಿ ಮೊದಲ ಸಲ ಮುಖ ತೋರಿಸಿದರೆ ಯಾರೂ ನಂಬುವುದಿಲ್ಲ. ಅದಕ್ಕೆ ಸಮಯ ಬೇಕು, ಸಮಯಕ್ಕೆ ಜನ ಬೇಕು. ವೆಂಟಿಲೇಟರ್ ಮೇಲಿನ ರೋಗಿಗೆ ಒಬ್ಬ ನರ್ಸ್ ಇರಬೇಕಾದಲ್ಲಿ ನಾಲ್ವರಿಗೊಬ್ಬರು ಇದ್ದರೆ ವೈದ್ಯರು ಎಷ್ಟೇ ಓದಿರಲಿ, ಕೈ ತೊಳೆಯುವುದೂ ಮಾತಾಡುವುದೂ ಎರಡೂ ತಪ್ಪುತ್ತದೆ. ನಿಲ್ಲಿಸುವುದೆಂದರೆ ಕೈಬಿಡುವುದಲ್ಲ, ಮಾಸ್ತರ. ನಳಿಗೆ ಬೇಗ ತೆಗೆಯುವುದು, ಮೂತ್ರದ ಕೊಳವೆ ಇನ್ನೂ ಬೇಕೇ ಎಂದು ದಿನಾ ಕೇಳುವುದು, ನಿದ್ದೆಯ ಔಷಧ ಪ್ರತಿ ಬೆಳಗ್ಗೆ ತಡೆದು ರೋಗಿ ಎಚ್ಚರಾಗುತ್ತಾರೆಯೇ ಎಂದು ನೋಡುವುದು, ಇವೆಲ್ಲ ರೋಗಿಯನ್ನು ಮನೆಗೆ ಕಳಿಸುವ ದಾರಿ. ಡೆಂಗಿಯಲ್ಲಿ ರಕ್ತಸ್ರಾವವಿಲ್ಲದವರಿಗೆ ಪ್ಲೇಟ್‌ಲೆಟ್ ಏರಿಸುವುದರಿಂದ ರಕ್ತಸ್ರಾವ ತಪ್ಪುವುದಿಲ್ಲ, ತೊಂದರೆಗಳೇ ಹೆಚ್ಚು ಎಂದು ಸಿಂಗಪುರ-ಮಲೇಷ್ಯಾದ 372 ರೋಗಿಗಳ ಅಧ್ಯಯನ 2017ರಲ್ಲೇ ತೋರಿಸಿದೆ. ಆದರೂ ಮಳೆಗಾಲ ಬಂತೆಂದರೆ ಬಾಟಲಿಗಾಗಿ ಬ್ಲಡ್ ಬ್ಯಾಂಕಿನ ಮುಂದೆ ಸಾಲು. ಇನ್ನು ಚೇತರಿಸುವ ಆಸೆಯೇ ಉಳಿಯದ ರೋಗಿಯ ಮಾತು. ಸುಪ್ರೀಂ ಕೋರ್ಟಿನ 2018 ಮತ್ತು 2023ರ ಆದೇಶಗಳನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಎರಡು ಹಂತದ ವೈದ್ಯ ಮಂಡಳಿ ಪರಿಶೀಲಿಸಿ, ಮನೆಯವರ ಒಪ್ಪಿಗೆಯೊಂದಿಗೆ ಯಂತ್ರ ತೆಗೆಯುವ ದಾರಿ ಈಗ ಸ್ಪಷ್ಟವಿದೆ. ಇಂಥ ಮಾತನ್ನು ಆಡಬಲ್ಲ ವೈದ್ಯರು ಕಷ್ಟದ ವೃತ್ತಿಯಲ್ಲಿದ್ದಾರೆ, ಹೌದು. ಅವರಿಗೆ ಪಾಳಿ, ರಜೆ, ಸಾಕಷ್ಟು ನರ್ಸುಗಳು, ರಕ್ಷಣೆ ಕೊಡದೆ ತ್ಯಾಗಿಗಳೆಂದು ಹೊಗಳುವುದು ನ್ಯಾಯವಲ್ಲ.

ಮಾಸ್ತರ್: ನನ್ನ ಕೊನೆಯ ಆಕ್ಷೇಪ. ಇಷ್ಟೆಲ್ಲ ಮಾಡಿ ನೀವು ಉಳಿಸುವುದು ಒಂದು ಘಟಕದ ಹತ್ತಿಪ್ಪತ್ತು ಹಾಸಿಗೆಯವರನ್ನು. ಅದೇ ರೊಕ್ಕವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಗಟಾರ ಸ್ವಚ್ಛತೆಗೆ ಹಾಕಿದರೆ ಸಾವಿರಾರು ಜನ ಉಳೀತಾರ.

ವೈದ್ಯರು: ಗಟಾರಕ್ಕೂ ಹಾಕಲಿ, ಆರೋಗ್ಯ ಕೇಂದ್ರಕ್ಕೂ ಹಾಕಲಿ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಆರೋಗ್ಯ ಕೇಂದ್ರದ ವೈದ್ಯರಿಗೆ ಈ ವರ್ಷ ಯಾವ ಜ್ವರ ಓಡಾಡುತ್ತಿದೆ, ಯಾವ ಔಷಧ ಕೆಲಸ ಮಾಡುತ್ತಿದೆ ಎಂದು ಹೇಳುವವರು ಯಾರು? ಲೆಕ್ಕ ಇಟ್ಟವರು. ಈ ಊರಿಗೆ ಅದು ಹೊಸದಲ್ಲ. 1898ರಲ್ಲಿ ಪ್ಲೇಗ್ ಹುಬ್ಬಳ್ಳಿಯನ್ನು ಹಿಂಡಿದಾಗ ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಹಾಫ್‌ಕಿನ್ ಹಿಂದಿನ ವರ್ಷವಷ್ಟೇ ಮುಂಬೈಯಲ್ಲಿ ತಯಾರಿಸಿದ್ದ ಲಸಿಕೆಯನ್ನು ಕ್ಯಾಪ್ಟನ್ ಲ್ಯೂಮನ್ ಎಂಬ ಸರ್ಕಾರಿ ವೈದ್ಯ ಇಲ್ಲಿ ಸಾವಿರಾರು ಜನರಿಗೆ ಚುಚ್ಚಿದ. ಚುಚ್ಚಿಸಿಕೊಂಡವರಲ್ಲಿ ಎಷ್ಟು ಸಾವು, ಚುಚ್ಚಿಸಿಕೊಳ್ಳದವರಲ್ಲಿ ಎಷ್ಟು ಎಂದು ವಾರವಾರ ಬರೆದಿಟ್ಟ. ಆಮೇಲೆ ಬಂದ ಪ್ಲೇಗ್ ಆಯೋಗ ಆ ಅಂಕಿಗಳ ನಿಖರತೆಯ ಬಗ್ಗೆ ಪ್ರಶ್ನೆ ಎತ್ತಿತು, ಆದರೂ ಲಸಿಕೆ ರಕ್ಷಣೆ ಕೊಡುತ್ತದೆಂದು ಒಪ್ಪಿತು. ಇವತ್ತಿನ ಐಸಿಯುನಲ್ಲಿ ಅಂಥದೇ ಲೆಕ್ಕ ಇಡಬೇಕು: ಈ ಆರು ತಿಂಗಳಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆಯಿತು, ಯಾವ ಔಷಧಕ್ಕೆ ಬಗ್ಗಿತು, ಯಾವ ತಾಲ್ಲೂಕಿನಿಂದ ಸ್ಕ್ರಬ್ ಟೈಫಸ್ ಹೆಚ್ಚು ಬಂತು. ಒಂದು ಪುಟದ ಪಟ್ಟಿ ಸಾಕು. ಅದು ಕಲಘಟಗಿಗೂ ಮುಂಡಗೋಡಕ್ಕೂ ಹೋದರೆ ಅಲ್ಲಿನ ವೈದ್ಯರು ಎರಡನೆಯ ದಿನವೇ ಡಾಕ್ಸಿಸೈಕ್ಲಿನ್ ಗುಳಿಗೆ ಕೊಡುತ್ತಾರೆ, ಆ ರೋಗಿ ನಮ್ಮ ವೆಂಟಿಲೇಟರ್ ತನಕ ಬರುವುದೇ ಇಲ್ಲ. ನನ್ನ ಹತ್ತಿಪ್ಪತ್ತು ಹಾಸಿಗೆ ಖಾಲಿಯಾಗುವಂತೆ ಮಾಡುವುದೂ ಇದೇ ವೃತ್ತಿಯ ಕೆಲಸ.

ಮಾಸ್ತರ್: ಹಂಗಾದ್ರ ವೈದ್ಯರನ್ನು ತಯಾರು ಮಾಡುವುದು ಸರ್ಕಾರದ ಪಾಲಿಗಾಯ್ತು. ನಮ್ಮಂಥ ಮಂದಿ ಏನು ಮಾಡಬೇಕು, ಅದನ್ನಾದರೂ ಹೇಳ್ರಿ.

ವೈದ್ಯರು: ಜ್ವರದ ರೋಗಿಯನ್ನು ಊರಿನಿಂದ ಹುಬ್ಬಳ್ಳಿಗೆ ಕರೆತರುವಾಗ ಹಳೆಯ ಚೀಟಿ, ವರದಿಗಳನ್ನೆಲ್ಲ ಜೊತೆಗೆ ತನ್ನಿರಿ. ಚೀಟಿ ಇಲ್ಲದಿದ್ದರೆ ಹಾಕಿದ ಇಂಜೆಕ್ಷನ್ ಬಾಟಲಿಯ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡು ಬನ್ನಿರಿ. ಕಳೆದ ಮೂರು ವಾರದಲ್ಲಿ ರೋಗಿ ಕಾಡಿಗೆ ಹೋಗಿದ್ದರೇ, ಮೇವು ಕೊಯ್ದಿದ್ದರೇ, ಗದ್ದೆಯ ನೀರಿನಲ್ಲಿ ನಿಂತಿದ್ದರೇ, ಹತ್ತಿರದಲ್ಲಿ ಮಂಗ ಸತ್ತಿತ್ತೇ, ಮನೆಯಲ್ಲಿ ಬೇರೆ ಯಾರಿಗಾದರೂ ಜ್ವರವಿತ್ತೇ ಎಂಬುದನ್ನು ಕೇಳುವ ಮೊದಲೇ ಬಾಗಿಲಲ್ಲಿ ಹೇಳಿರಿ. ಮೊದಲ ಇಂಜೆಕ್ಷನ್‌ಗೆ ಮುಂಚೆ ಕಲ್ಚರ್‌ಗೆ ರಕ್ತ ತೆಗೆದಿರಾ ಎಂದು ಸಂಕೋಚವಿಲ್ಲದೆ ಕೇಳಿರಿ. ಮೂರನೆಯ ದಿನ, ಯಾವ ಔಷಧ ಇನ್ನು ಬೇಡವಾಗಿದೆ ಎಂದೂ ಕೇಳಿರಿ.